ಬೆಂಕಿ ನುಂಗಿದ್ದು, ಬಾಯ್ಲರ್ ಮನೆ ಉಳಿಸಿದ್ದು

ಸಿಡ್ನಿಯ ಟ್ರಾಮುಗಳಿಗೆ ಕರೆಂಟು ಕೊಡಲೆಂದು ರೈಲ್ವೆ ಇಲಾಖೆ ಕಟ್ಟಿಸಿದ ಪವರ್ ಹೌಸ್ ಟ್ರಾಮುಗಳ ಹಿಂದೆಯೇ ಕಣ್ಣು ಮುಚ್ಚಿತು. ಕಾಲು ಶತಮಾನದ ನಂತರ ಮ್ಯೂಸಿಯಂ ಆಗಿ ಎದ್ದು ಕುಳಿತಿತು. ಸರ್ಕಾರವೇ ಮಾರಲು ಹೊರಟಾಗ ಊರಿನವರು ಅಡ್ಡ ನಿಂತರು. ಅಲ್ಟಿಮೊ ಪವರ್ ಹೌಸಿನ ಎರಡು ಜನ್ಮಗಳ ಕಥೆ ಇದು.

1882ರ ಸೆಪ್ಟೆಂಬರ್ 22ರ ನಸುಕು. ಸಿಡ್ನಿಯ ಮ್ಯಾಕ್ವಾರಿ ಸ್ಟ್ರೀಟಿನ ದೊಡ್ಡ ಮನೆಗಳ ಕಿಟಕಿಗಳು ಕಾವಿಗೆ ಸಿಡಿಯತೊಡಗಿದವು. ನಿದ್ದೆಗಣ್ಣಲ್ಲಿ ಹೊರಬಂದವರಿಗೆ ಎದುರಿನ ಬೊಟಾನಿಕಲ್ ಗಾರ್ಡನ್ನಿನ ದಿಕ್ಕಿನಲ್ಲಿ ಆಕಾಶವೆಲ್ಲ ಕೆಂಪಾಗಿ ಕಂಡಿತು. ಗಾರ್ಡನ್ ಪ್ಯಾಲೇಸ್ ಹೊತ್ತಿ ಉರಿಯುತ್ತಿತ್ತು.

ಅರಮನೆಯಂತೆ ಕಾಣುತ್ತಿದ್ದರೂ ಅದರಲ್ಲಿ ಬಹುಪಾಲು ಮರವೇ. ನೂರಡಿ ಅಗಲದ ಗುಮ್ಮಟ ನೋಡುತ್ತಿದ್ದಂತೆ ಒಳಕ್ಕೆ ಕುಸಿಯಿತು. ಛಾವಣಿಯ ತಗಡುಗಳು ಬಿಸಿಗಾಳಿಯಲ್ಲಿ ತೇಲಿ ಎಷ್ಟೋ ದೂರದ ಬಡಾವಣೆಗಳಲ್ಲಿ ಬಿದ್ದವು. ಬೆಳಗಾಗುವಷ್ಟರಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. 1881ರ ಜನಗಣತಿಯ ದಾಖಲೆಗಳು ಅಲ್ಲೇ ಇದ್ದವು, ಬೂದಿಯಾದವು. ಜನರಿಗೆ ಇನ್ನೂ ಬಾಗಿಲನ್ನೇ ತೆರೆಯದಿದ್ದ ಒಂದು ಮ್ಯೂಸಿಯಂನ ಸಂಗ್ರಹವೂ ಹೆಚ್ಚುಕಡಿಮೆ ಪೂರ್ತಿಯಾಗಿ ಹೋಯಿತು.

ಆ ಮ್ಯೂಸಿಯಂಗೆ ಸರಿಯಾದ ಮನೆ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ಸಿಕ್ಕಾಗ ಅದು ಟ್ರಾಮುಗಳ ಪವರ್ ಹೌಸ್ ಆಗಿತ್ತು. ಇದನ್ನು ಬರಿಯ ಕಾಕತಾಳೀಯ ಎಂದು ಹೇಳಲಾಗದು. ಸಿಡ್ನಿಯ ಹಬೆ ಟ್ರಾಮು, ಈ ಮ್ಯೂಸಿಯಂ ಎರಡೂ ಹುಟ್ಟಿದ್ದು ಒಂದೇ ವರ್ಷ, ಒಂದೇ ನೆಪದಲ್ಲಿ.

ಜಾತ್ರೆಗೆಂದು ಬಂದದ್ದು, ಊರಲ್ಲೇ ಉಳಿಯಿತು

1879ರಲ್ಲಿ ಸಿಡ್ನಿ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ನಡೆಸಿತು. ಅದಕ್ಕಾಗಿಯೇ ಕಟ್ಟಿದ್ದು ಗಾರ್ಡನ್ ಪ್ಯಾಲೇಸ್. ವಾಸ್ತುಶಿಲ್ಪಿ ಜೇಮ್ಸ್ ಬಾರ್ನೆಟ್ ಬರೀ ಎಂಟು ತಿಂಗಳಲ್ಲಿ ಅದನ್ನು ಎಬ್ಬಿಸಿದರು. ಇಂಗ್ಲೆಂಡಿನಿಂದ ವಿದ್ಯುತ್ ದೀಪ ತರಿಸಿ ರಾತ್ರಿಯೂ ಕೆಲಸ ಮಾಡಿಸಿದರು. ಊರಿನ ಬೀದಿಗಳಲ್ಲಿ ಗ್ಯಾಸ್ ದೀಪ ಉರಿಯುತ್ತಿದ್ದ ಕಾಲ ಅದು. ಬಡಗಿಗಳು ಮಾತ್ರ ವಿದ್ಯುತ್ ಬೆಳಕಿನಲ್ಲಿ ಮೊಳೆ ಹೊಡೆಯುತ್ತಿದ್ದರು.

ಪ್ರದರ್ಶನಕ್ಕೆ ಬರುವ ಜನರನ್ನು ಸಾಗಿಸುವುದು ಹೇಗೆ? ರೈಲು ನಿಲ್ದಾಣ ಇದ್ದದ್ದು ರೆಡ್‌ಫರ್ನ್‌ನಲ್ಲಿ, ಪೇಟೆಯ ಹೊರಗೆ. ಅಲ್ಲಿಂದ ಹಂಟರ್ ಸ್ಟ್ರೀಟಿನ ತನಕ ತಾತ್ಕಾಲಿಕವಾಗಿ ಹಳಿ ಹಾಕಿ, ಅಮೆರಿಕದ ಬಾಲ್ಡ್‌ವಿನ್ ಕಂಪನಿಯ ಪುಟ್ಟ ಹಬೆ ಎಂಜಿನ್‌ಗಳಿಗೆ ಗಾಡಿ ಕಟ್ಟಿ ಓಡಿಸಿದರು. ಪ್ರದರ್ಶನ ಮುಗಿದ ಮೇಲೆ ಹಳಿ ಕೀಳುವ ಮಾತಿತ್ತು. ಆದರೆ ಜನ ಟ್ರಾಮು ಬಿಟ್ಟು ಇಳಿಯಲು ತಯಾರಿರಲಿಲ್ಲ. ಹಳಿ ಕೀಳುವ ಬದಲು ಸರ್ಕಾರ ಇನ್ನಷ್ಟು ಹಳಿ ಹಾಕಿತು.

ಅದೇ ಪ್ರದರ್ಶನದ ಮಾದರಿಗಳು, ಯಂತ್ರಗಳು, ಉಣ್ಣೆ, ಅದಿರು, ಎಣ್ಣೆಗಳನ್ನು ಕೂಡಿಸಿ ಕೈಗಾರಿಕೆ ಮತ್ತು ತಂತ್ರಜ್ಞಾನದ ಮ್ಯೂಸಿಯಂ ಮಾಡುವ ತೀರ್ಮಾನವೂ ಆಯಿತು. ಬೆಂಕಿ ನುಂಗಿದ್ದು ಅದನ್ನೇ.

ಬೀದಿ ದೀಪಕ್ಕಿಂತ ಮೊದಲು ಟ್ರಾಮಿಗೆ ಕರೆಂಟು

ಹಬೆ ಟ್ರಾಮು ಬೀದಿಯ ನಡುವೆ ಹೊಗೆ ಉಗುಳುತ್ತ, ಕಿಡಿ ಹಾರಿಸುತ್ತ ಓಡುತ್ತಿತ್ತು. ಕುದುರೆಗಳು ಬೆದರುತ್ತಿದ್ದವು, ಒಣಗಲು ಹಾಕಿದ ಬಟ್ಟೆಗಳ ಮೇಲೆ ಮಸಿ ಕೂರುತ್ತಿತ್ತು. ಊರಿನ ಹೆಬ್ಬೀದಿಯಾದ ಜಾರ್ಜ್ ಸ್ಟ್ರೀಟಿಗೆ ಟ್ರಾಮು ತರಬೇಕಾದಾಗ ಹೊಗೆಯಿಲ್ಲದ ಟ್ರಾಮೇ ಬೇಕೆಂದು ತೀರ್ಮಾನವಾಯಿತು.

ಈಗಿನವರು ಇದನ್ನು ಊಹಿಸಿಕೊಳ್ಳುವುದು ಸ್ವಲ್ಪ ಕಷ್ಟ. ನಮ್ಮ ಮೆಟ್ರೊ ರೈಲು ರಾಜ್ಯದ ಗ್ರಿಡ್‌ನಿಂದ ಕರೆಂಟು ಪಡೆದು ಓಡುತ್ತದೆ. ಆಗ ಗ್ರಿಡ್ ಎನ್ನುವುದೇ ಇರಲಿಲ್ಲ. ವಿದ್ಯುತ್ ಟ್ರಾಮು ಬೇಕೆಂದರೆ ಮೊದಲು ವಿದ್ಯುತ್ತನ್ನು ತಾವೇ ಹುಟ್ಟಿಸಬೇಕಿತ್ತು. ಟ್ರಾಮು ನಡೆಸುತ್ತಿದ್ದವರು ರೈಲ್ವೆಯವರು. ಆದ್ದರಿಂದ ಪವರ್ ಹೌಸ್ ಕಟ್ಟುವ ಹೊಣೆಯೂ ಅವರದೇ ಆಯಿತು.

ಅವರು ಆರಿಸಿದ ಜಾಗ ಅಲ್ಟಿಮೊ, ಡಾರ್ಲಿಂಗ್ ಹಾರ್ಬರ್‌ನ ಗೂಡ್ಸ್ ಯಾರ್ಡಿನ ಮಗ್ಗುಲು. ಕಲ್ಲಿದ್ದಲು ರೈಲಿನಲ್ಲೇ ಬಾಗಿಲಿಗೆ ಬರುತ್ತಿತ್ತು. ಎಂಜಿನ್ನಿನಿಂದ ಹೊರಬಿದ್ದ ಹಬೆಯನ್ನು ತಣಿಸಿ ಮತ್ತೆ ನೀರು ಮಾಡಲು ಕಡಲ ನೀರು ಕೂಗಳತೆಯಲ್ಲಿತ್ತು. 1899ರ ಡಿಸೆಂಬರ್ 8ರಂದು ಜಾರ್ಜ್ ಸ್ಟ್ರೀಟಿನಲ್ಲಿ ವಿದ್ಯುತ್ ಟ್ರಾಮು ಓಡಿತು. ಸಿಡ್ನಿ ನಗರಸಭೆಯ ವಿದ್ಯುತ್ ಬೀದಿ ದೀಪ ಹೊತ್ತಿಕೊಂಡದ್ದು 1904ರಲ್ಲಿ. ಅಂದರೆ ಸುಮಾರು ಐದು ವರ್ಷ ಆ ಊರಿನ ಟ್ರಾಮುಗಳು ಗ್ಯಾಸ್ ದೀಪಗಳ ಕೆಳಗೆ ವಿದ್ಯುತ್ತಿನಲ್ಲಿ ಓಡಾಡಿದವು.

ಕೆಲಸದ ಕ್ರಮ ಸರಳ. ಬಾಯ್ಲರ್ ಮನೆಯಲ್ಲಿ ಕಲ್ಲಿದ್ದಲು ಉರಿದು ಹಬೆ ಏಳಬೇಕು. ಪಕ್ಕದ ಎಂಜಿನ್ ಮನೆಯಲ್ಲಿ ಆ ಹಬೆ ಜನರೇಟರನ್ನು ತಿರುಗಿಸಬೇಕು. ಅಲ್ಲಿಂದ 600 ವೋಲ್ಟಿನ ನೇರ ವಿದ್ಯುತ್ತು ಬೀದಿಯ ಮೇಲಿನ ತಂತಿಗೆ ಹೋಗಿ, ಟ್ರಾಮಿನ ನೆತ್ತಿಯ ಕೋಲಿನಿಂದ ಇಳಿದು, ಮೋಟಾರು ತಿರುಗಿಸಿ, ಹಳಿಯ ಮೂಲಕ ವಾಪಸು ಬರಬೇಕು. ಟ್ರಾಮು ದೂರದೂರಕ್ಕೆ ಹೋದಂತೆ ಇಷ್ಟು ಸಾಲಲಿಲ್ಲ. ಇಷ್ಟು ಕಡಿಮೆ ವೋಲ್ಟಿನ ವಿದ್ಯುತ್ತು ದೂರ ಹೋದಷ್ಟೂ ಸೊರಗುತ್ತದೆ. ಆಗ ಅಲ್ಟಿಮೊದಲ್ಲಿ ಹೆಚ್ಚು ವೋಲ್ಟಿನ ಪರ್ಯಾಯ ವಿದ್ಯುತ್ತನ್ನು ಹುಟ್ಟಿಸಿ ಬಡಾವಣೆಗಳ ಸಬ್‌ಸ್ಟೇಷನ್ನಿಗೆ ಕಳಿಸಿ, ಅಲ್ಲಿ ಅದನ್ನು ನೇರ ವಿದ್ಯುತ್ತಾಗಿ ಬದಲಿಸುವ ಏರ್ಪಾಡು ಮಾಡಿದರು. ಕಟ್ಟಡವೂ ಬೆಳೆಯಿತು. ಎಂಜಿನ್ ಮನೆಯ ಜೊತೆಗೆ ಟರ್ಬೈನ್ ಹಾಲ್, ಹೊಸ ಬಾಯ್ಲರ್ ಹಾಲ್, ಸ್ವಿಚ್ ಹೌಸ್ ಸೇರಿಕೊಂಡವು.

ಅಲ್ಟಿಮೊ ಒಂದರಿಂದಲೇ ನಿಭಾಯಿಸಲಾಗದೆ ರೈಲ್ವೆಯವರು 1912ರಲ್ಲಿ ರೋಝೆಲ್‌ನ ಕಡಲಂಚಿನಲ್ಲಿ ವೈಟ್ ಬೇ ಎಂಬ ಇನ್ನೊಂದು ಪವರ್ ಹೌಸ್ ಕಟ್ಟಲು ಶುರು ಮಾಡಿದರು. 1926ರಲ್ಲಿ ಸಿಡ್ನಿಯ ಲೋಕಲ್ ರೈಲು ವಿದ್ಯುತ್ತಿಗೆ ಬದಲಾದಾಗ ಅದರ ಭಾರವನ್ನೂ ಹೊತ್ತದ್ದು ವೈಟ್ ಬೇ. ಈ ತಮ್ಮನ ಕಥೆಗೆ ಮುಂದೆ ಬರೋಣ.

> ಸಿಡ್ನಿ ಟ್ರಾಮು: ಒಂದಿಷ್ಟು ಲೆಕ್ಕ
>
> • 1920ರ ದಶಕದಲ್ಲಿ ಟ್ರಾಮು ಮಾರ್ಗಗಳ ಉದ್ದ ಸುಮಾರು 290 ಕಿ.ಮೀ. ಆಸ್ಟ್ರೇಲಿಯಾದಲ್ಲಿ ಇದಕ್ಕಿಂತ ದೊಡ್ಡ ಟ್ರಾಮು ಜಾಲ ಇನ್ನೊಂದಿರಲಿಲ್ಲ.
>
> • 1945ರಲ್ಲಿ ಟ್ರಾಮಿನಲ್ಲಿ ಆದ ಪ್ರಯಾಣಗಳು 40 ಕೋಟಿಗೂ ಹೆಚ್ಚು. ಆಗಿನ ಸಿಡ್ನಿಯ ಜನಸಂಖ್ಯೆ 15 ಲಕ್ಷದ ಆಸುಪಾಸು.
>
> • ಇಂದಿನ ಒಪೆರಾ ಹೌಸ್ ಇರುವ ಜಾಗದಲ್ಲಿ ಮೊದಲು ಇದ್ದದ್ದು ಟ್ರಾಮು ಡಿಪೊ. 1958ರಲ್ಲಿ ಅದನ್ನು ಕೆಡವಿದರು.
>
> • ಕೊನೆಯ ಟ್ರಾಮು ಓಡಿದ್ದು 1961ರ ಫೆಬ್ರವರಿ 25ರಂದು.

ಒಲೆ ಆರಿತು

ಎರಡನೆಯ ಮಹಾಯುದ್ಧದ ನಂತರ ಕಾರು ಬಂತು, ಬಸ್ಸು ಬಂತು. ಟ್ರಾಮು ರಸ್ತೆಗೆ ಅಡ್ಡ ಎಂದು ಸರ್ಕಾರ ನಂಬಿತು. ಒಂದೊಂದೇ ಮಾರ್ಗ ನಿಂತಿತು. ನಿಂತ ಟ್ರಾಮುಗಳನ್ನು ರಾಂಡ್‌ವಿಕ್ ವರ್ಕ್‌ಶಾಪಿಗೆ ಎಳೆದೊಯ್ದು ನೂರಾರು ಗಾಡಿಗಳನ್ನು ಬೆಂಕಿಗೆ ಕೊಟ್ಟರು. ಮರ ಸುಟ್ಟು ಉಳಿದ ಕಬ್ಬಿಣ ಗುಜರಿಗೆ ಹೋಯಿತು.

ಟ್ರಾಮೇ ಇಲ್ಲದ ಮೇಲೆ ಅಲ್ಟಿಮೊದ ಒಲೆ ಯಾರಿಗಾಗಿ ಉರಿಯಬೇಕು? 1963ರಲ್ಲಿ ಪವರ್ ಹೌಸ್ ಮುಚ್ಚಿತು. ಯಂತ್ರಗಳನ್ನು ಬಿಚ್ಚಿ ಮಾರಿದರು. ಖಾಲಿ ಹಾಲ್‌ಗಳು ಪಾರಿವಾಳಗಳ ಪಾಲಾದವು.

ಈ ಯಂತ್ರಗಳು ಹೋದದ್ದು ನನಗೆ ಇಂದಿಗೂ ದೊಡ್ಡ ನಷ್ಟವೆಂದೇ ಅನಿಸುತ್ತದೆ. ಇಟ್ಟಿಗೆಯ ಗೋಡೆ ಅರವತ್ತು ವರ್ಷ ಸುಮ್ಮನೆ ನಿಂತಿತ್ತು. ಊರನ್ನು ಓಡಾಡಿಸಿದ್ದು ಆ ಗೋಡೆಯೊಳಗಿನ ಎಂಜಿನ್ನು, ಟರ್ಬೈನು. ಒಂದೇ ಒಂದನ್ನಾದರೂ ಇದ್ದಲ್ಲೇ ಬಿಟ್ಟಿದ್ದರೆ, ಆಮೇಲೆ ಬಂದ ಮ್ಯೂಸಿಯಂಗೆ ಅದಕ್ಕಿಂತ ಒಳ್ಳೆಯ ವಸ್ತು ಬೇರೊಂದು ಸಿಗುತ್ತಿರಲಿಲ್ಲ.

ಶವಾಗಾರದ ಪಕ್ಕದಿಂದ ಪವರ್ ಹೌಸಿಗೆ

ಇತ್ತ ಮ್ಯೂಸಿಯಂನ ಪಾಡು ಏನಾಗಿತ್ತು? ಬೆಂಕಿಯ ನಂತರ ಅದಕ್ಕೆ ಸಿಕ್ಕಿದ್ದು ಸಿಡ್ನಿ ಆಸ್ಪತ್ರೆಯ ಹಿಂದಿನ ಒಂದು ತಗಡಿನ ಶೆಡ್ಡು. ಮಗ್ಗುಲಲ್ಲೇ ಆಸ್ಪತ್ರೆಯ ಶವಾಗಾರ. ಕ್ಯುರೇಟರ್ ಜೋಸೆಫ್ ಮೇಡನ್ ಅಲ್ಲಿಯೇ ಕುಳಿತು ಸಂಗ್ರಹವನ್ನು ಮತ್ತೆ ಮೊದಲಿಂದ ಕಟ್ಟಿದರು. 1893ರಲ್ಲಿ ಅಲ್ಟಿಮೊದ ಹ್ಯಾರಿಸ್ ಸ್ಟ್ರೀಟಿನಲ್ಲಿ, ಟೆಕ್ನಿಕಲ್ ಕಾಲೇಜಿನ ಪಕ್ಕ, ಅದಕ್ಕೊಂದು ಸ್ವಂತ ಕಟ್ಟಡವಾಯಿತು. ನೀಲಗಿರಿ ಮರದ ಎಣ್ಣೆಗಳ ಬಗ್ಗೆ ರಿಚರ್ಡ್ ಬೇಕರ್ ಮತ್ತು ಹೆನ್ರಿ ಸ್ಮಿತ್ 1902ರಲ್ಲಿ ಪ್ರಕಟಿಸಿದ ಪ್ರಸಿದ್ಧ ಸಂಶೋಧನೆ ನಡೆದದ್ದು ಇದೇ ಮ್ಯೂಸಿಯಂನಲ್ಲಿ. ಆದರೆ ಜಾಗ ಯಾವತ್ತೂ ಇಕ್ಕಟ್ಟು. ದೊಡ್ಡ ಯಂತ್ರಗಳನ್ನು ಇಡಲು ಹಾಲ್ ಇರಲಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲೇ ಪಾಳು ಬಿದ್ದ ಪವರ್ ಹೌಸ್ ಆಕಾಶದೆತ್ತರದ ಹಾಲ್‌ಗಳನ್ನು ಇಟ್ಟುಕೊಂಡು ನಿಂತಿತ್ತು.

ಎಪ್ಪತ್ತರ ದಶಕದ ಕೊನೆಗೆ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ ನೆವಿಲ್ ರ್‍ಯಾನ್ ಎರಡನ್ನೂ ಜೋಡಿಸುವ ನಿರ್ಧಾರ ಮಾಡಿದರು. 1981ರಲ್ಲಿ ಮೊದಲ ಹಂತ ತೆರೆದದ್ದು ಪಕ್ಕದ ಹಳೆಯ ಟ್ರಾಮು ಡಿಪೊದಲ್ಲಿ. ಬಾಯ್ಲರ್ ಹಾಲ್, ಟರ್ಬೈನ್ ಹಾಲ್‌ಗಳ ಕೆಲಸ ಮುಗಿದು 1988ರ ಮಾರ್ಚ್ 10ರಂದು ಪವರ್‌ಹೌಸ್ ಮ್ಯೂಸಿಯಂ ಪೂರ್ತಿಯಾಗಿ ಬಾಗಿಲು ತೆರೆಯಿತು.

ವಿನ್ಯಾಸ ಲಯನೆಲ್ ಗ್ಲೆಂಡೆನಿಂಗ್ ಅವರದು. ಹಳೆಯ ಇಟ್ಟಿಗೆಯ ಗೋಡೆಗಳನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಕಮಾನು ಛಾವಣಿಯ ಹೊಸ ಹಾಲ್ ಎಬ್ಬಿಸಿದರು. ನೋಡಿದರೆ ಹತ್ತೊಂಬತ್ತನೆಯ ಶತಮಾನದ ರೈಲು ನಿಲ್ದಾಣ, ವಸ್ತುಪ್ರದರ್ಶನದ ಹಾಲ್‌ಗಳು ನೆನಪಿಗೆ ಬರಬೇಕು, ಹಾಗೆ. ಆ ವರ್ಷದ ಸಲ್ಮನ್ ಪದಕ ಅವರಿಗೆ ಸಂದಿತು. ಬಾಯ್ಲರ್ ಹಾಲ್‌ನ ಎತ್ತರ ಎಷ್ಟೆಂದರೆ, 1951ರಲ್ಲಿ ಆಸ್ಟ್ರೇಲಿಯಾದಿಂದ ಚಿಲಿಗೆ ಹಾರಿದ್ದ ಕ್ಯಾಟಲಿನಾ ವಿಮಾನವನ್ನು ಇಡಿಯಾಗಿ ಛಾವಣಿಗೆ ತೂಗುಹಾಕಿದರು.

ಸೂರ್ಯನೂ ಗ್ರಹವೂ

ಇಷ್ಟೆಲ್ಲದರ ನಡುವೆ ನಿಂತು ನೋಡಬೇಕಾದ್ದು ಒಂದು ಹಬೆ ಎಂಜಿನ್.

ಬೋಲ್ಟನ್ ಮತ್ತು ವ್ಯಾಟ್ ಕಂಪನಿ 1785ರಲ್ಲಿ ಲಂಡನ್ನಿನ ವಿಟ್‌ಬ್ರೆಡ್ ಬಿಯರ್ ಕಾರ್ಖಾನೆಗೆ ಮಾಡಿಕೊಟ್ಟದ್ದು. ಮೊಳಕೆ ಬಾರ್ಲಿ ಅರೆಯುವ ಗಿರಣಿಯನ್ನು ಅದುವರೆಗೆ ಕುದುರೆಗಳು ಸುತ್ತಿ ಸುತ್ತಿ ತಿರುಗಿಸುತ್ತಿದ್ದವು. ಆ ಕೆಲಸ ಎಂಜಿನ್ನಿಗೆ ಬಂತು. ಮೂರನೆಯ ಜಾರ್ಜ್ ದೊರೆ ರಾಣಿಯೊಂದಿಗೆ ಬಂದು ನೋಡಿಹೋದ. 102 ವರ್ಷ ದುಡಿದು 1887ರಲ್ಲಿ ಅದು ಕೆಲಸ ಬಿಟ್ಟಾಗ, ಸಿಡ್ನಿಯ ಪ್ರೊಫೆಸರ್ ಆರ್ಚಿಬಾಲ್ಡ್ ಲಿವರ್ಸಿಜ್ ಲಂಡನ್ನಿನಲ್ಲೇ ಇದ್ದರು. ಕೇಳಿದರು, ಕಾರ್ಖಾನೆಯವರು ಕೊಟ್ಟರು. ಬೆಂಕಿಯಲ್ಲಿ ಎಲ್ಲವನ್ನೂ ಕಳೆದುಕೊಂಡಿದ್ದ ಮ್ಯೂಸಿಯಂಗೆ ಆರು ವರ್ಷದೊಳಗೆ ಜಗತ್ತಿನ ಅಪರೂಪದ ಯಂತ್ರವೊಂದು ದಕ್ಕಿತು. ಚಕ್ರ ತಿರುಗಿಸುವ ಹಬೆ ಎಂಜಿನ್‌ಗಳಲ್ಲಿ ಉಳಿದಿರುವ ಅತಿ ಹಳೆಯವುಗಳ ಸಾಲಿನಲ್ಲಿ ಇದಕ್ಕೆ ಮೊದಲ ಜಾಗ.

ಹತ್ತಿರ ಹೋಗಿ ನೋಡಬೇಕಾದ್ದು ಅದರ ಹಲ್ಲುಗಾಲಿಗಳನ್ನು. ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಮೇಲಿನ ಭಾರೀ ತೊಲೆ ತಕ್ಕಡಿಯ ದಂಡಿಯ ಹಾಗೆ ಏಳುತ್ತದೆ, ಇಳಿಯುತ್ತದೆ. ಈ ಏರಿಳಿತ ಸುತ್ತಾಟವಾಗಿ ಬದಲಾದರೆ ಮಾತ್ರ ಗಿರಣಿ ತಿರುಗುವುದು. ಅದಕ್ಕೆ ಸುಲಭದ ದಾರಿ ಕ್ರ್ಯಾಂಕ್. ಆದರೆ ಹಬೆ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬಳಸುವ ಪೇಟೆಂಟ್ ಜೇಮ್ಸ್ ಪಿಕಾರ್ಡ್ ಎಂಬಾತನ ಕೈಯಲ್ಲಿತ್ತು. ವ್ಯಾಟ್ ಬೇರೆ ದಾರಿ ಹಿಡಿದ. ತೊಲೆಯಿಂದ ಇಳಿಬಿದ್ದ ರಾಡಿನ ತುದಿಗೆ ಒಂದು ಹಲ್ಲುಗಾಲಿ ಬಿಗಿದ. ತಿರುಗಬೇಕಾದ ಅಚ್ಚಿಗೆ ಇನ್ನೊಂದನ್ನು ಕೂರಿಸಿದ. ಮೊದಲನೆಯದು ಎರಡನೆಯದನ್ನು ಸುತ್ತು ಹಾಕುತ್ತದೆ, ಗ್ರಹ ಸೂರ್ಯನನ್ನು ಸುತ್ತುವಂತೆ. ಗ್ರಹ ಒಂದು ಸುತ್ತು ಹಾಕುವಷ್ಟರಲ್ಲಿ ಸೂರ್ಯಗಾಲಿ ಎರಡು ಸಲ ತಿರುಗಿರುತ್ತದೆ. ಪೇಟೆಂಟಿನ ಅಡ್ಡಿ ದಾಟಲು ಹುಟ್ಟಿದ ಉಪಾಯ ಅಚ್ಚಿನ ವೇಗವನ್ನೇ ದುಪ್ಪಟ್ಟು ಮಾಡಿತು.

ಈ ಯಂತ್ರವನ್ನು ಗಾಜಿನ ಹಿಂದೆ ಇಟ್ಟು ಕೈಮುಗಿಯಲಿಲ್ಲ ಎಂಬುದು ಪವರ್‌ಹೌಸ್ ಮ್ಯೂಸಿಯಂನ ಹೆಚ್ಚುಗಾರಿಕೆ. ಅದನ್ನು ದುರಸ್ತಿ ಮಾಡಿ, ಒಂದು ಬಾಯ್ಲರ್ ಇಟ್ಟು, ನಿಜವಾದ ಹಬೆ ಹರಿಸಿ ಓಡಿಸಿದರು. ಜೊತೆಗಿದ್ದ ಸಾಲು ಎಂಜಿನ್‌ಗಳೂ ಹಬೆಯಲ್ಲೇ ಓಡಿದವು. ಹಿಂದೆ ಟ್ರಾಮಿಗಾಗಿ ಹಬೆ ಎದ್ದಿದ್ದ ಕಟ್ಟಡದಲ್ಲಿ ಶಾಲೆಯ ಮಕ್ಕಳಿಗಾಗಿ ಮತ್ತೆ ಹಬೆ ಎದ್ದಿತು. 1855ರಲ್ಲಿ ಸಿಡ್ನಿಯಿಂದ ಪ್ಯಾರಮಟ್ಟ ಕಡೆಗೆ ರಾಜ್ಯದ ಮೊದಲ ಪ್ಯಾಸೆಂಜರ್ ರೈಲನ್ನು ಎಳೆದ ಒಂದನೇ ನಂಬರಿನ ಎಂಜಿನ್ನೂ ಇಲ್ಲೇ ತನ್ನ ಡಬ್ಬಿಗಳೊಂದಿಗೆ ನಿಂತಿತು.

ಮಾರಾಟದ ಮಾತು

2014ರ ನವೆಂಬರಿನಲ್ಲಿ ರಾಜ್ಯದ ಪ್ರೀಮಿಯರ್ ಮೈಕ್ ಬೇರ್ಡ್ ಒಂದು ಘೋಷಣೆ ಮಾಡಿದರು. ಮ್ಯೂಸಿಯಂ ಅಲ್ಟಿಮೊ ಬಿಟ್ಟು ಪ್ಯಾರಮಟ್ಟಕ್ಕೆ ಹೋಗುತ್ತದೆ, ಅಲ್ಟಿಮೊದ ಜಾಗ ಮಾರಲಾಗುತ್ತದೆ. ಪೇಟೆಯ ನಡುವಿನ ಚಿನ್ನದಂಥ ಜಾಗ. ಅಪಾರ್ಟ್‌ಮೆಂಟ್ ಕಟ್ಟುವವರಿಗೆ ಅದರ ಬೆಲೆ ಗೊತ್ತಿತ್ತು.

ಪ್ಯಾರಮಟ್ಟದ ಬೇಡಿಕೆ ನ್ಯಾಯವಾದದ್ದೇ. ಸಿಡ್ನಿಯ ಪಶ್ಚಿಮದ ಬಡಾವಣೆಗಳಲ್ಲಿ ಲಕ್ಷಾಂತರ ದುಡಿಯುವ ಕುಟುಂಬಗಳಿವೆ. ಪ್ಯಾರಮಟ್ಟ, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್ ಕಡೆ ನಮ್ಮ ಕನ್ನಡದ ಮನೆಗಳೂ ಸಾಕಷ್ಟಿವೆ. ದೊಡ್ಡ ಮ್ಯೂಸಿಯಂ, ದೊಡ್ಡ ರಂಗಮಂದಿರ ಎಲ್ಲವೂ ಬಂದರಿನ ಸುತ್ತಲೇ ಏಕೆ ಇರಬೇಕೆಂದು ಅವರು ಕೇಳಿದರೆ ತಪ್ಪಿಲ್ಲ. ಆದರೆ ಒಬ್ಬರ ಮನೆ ಮಾರಿ ಇನ್ನೊಬ್ಬರಿಗೆ ಉಡುಗೊರೆ ಕೊಡುವುದು ನ್ಯಾಯವಾಗದು. ಪ್ಯಾರಮಟ್ಟಕ್ಕೆ ಮ್ಯೂಸಿಯಂ ಬೇಕಿತ್ತು, ಅಲ್ಟಿಮೊಗೆ ಹರಾಜು ಬೇಕಿರಲಿಲ್ಲ.

ಎಂಜಿನಿಯರುಗಳು, ವಾಸ್ತುಶಿಲ್ಪಿಗಳು, ಮ್ಯೂಸಿಯಂನ ಹಳೆಯ ಟ್ರಸ್ಟಿಗಳು, ಅಕ್ಕಪಕ್ಕದ ನಿವಾಸಿಗಳು ಒಂದಾದರು. ಸಭೆ, ಅರ್ಜಿ, ಮೆರವಣಿಗೆಗಳಾದವು. 1785ರ ಎಂಜಿನ್ನನ್ನು ಮತ್ತೆ ಬಿಚ್ಚಿ ಸಾಗಿಸುವುದು ಅಪಾಯ ಎಂದು ತಿಳಿದವರು ಎಚ್ಚರಿಸಿದರು. ರಾಜ್ಯದ ಮೇಲ್ಮನೆ ಈ ಬಗ್ಗೆ ವಿಚಾರಣೆಗೆ ಕುಳಿತಿತು. ಪ್ರೀಮಿಯರುಗಳು ಬದಲಾದರು, ಪಟ್ಟು ಸಡಿಲಲಿಲ್ಲ. ಕೊನೆಗೆ 2020ರ ಜುಲೈ 4ರಂದು ಸರ್ಕಾರ ಮಣಿಯಿತು. ಅಲ್ಟಿಮೊ ಉಳಿಯುತ್ತದೆ, ಪ್ಯಾರಮಟ್ಟಕ್ಕೂ ಹೊಸ ಪವರ್‌ಹೌಸ್ ಬರುತ್ತದೆ ಎಂದು ತೀರ್ಮಾನವಾಯಿತು.

ಜಗಳ ಅಲ್ಲಿಗೆ ಮುಗಿಯಲಿಲ್ಲ. 25 ಕೋಟಿ ಆಸ್ಟ್ರೇಲಿಯನ್ ಡಾಲರಿನ ನವೀಕರಣಕ್ಕಾಗಿ ಅಲ್ಟಿಮೊ 2024ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಟ್ರಾಮು ಕಾಲದ ಗೋಡೆಯಷ್ಟೇ ಪರಂಪರೆಯಲ್ಲ, ಪದಕ ಪಡೆದ 1988ರ ವಿನ್ಯಾಸವೂ ಪರಂಪರೆಯೇ, ಅದನ್ನು ಏಕೆ ಕೀಳುತ್ತೀರಿ ಎಂಬುದು ಹೋರಾಟಗಾರರ ಪ್ರಶ್ನೆ. ಅವರ ಮಾತಿನಲ್ಲಿ ತೂಕವಿದೆ. ಒಂದು ಕಟ್ಟಡದ ಎರಡನೆಯ ಜನ್ಮವನ್ನೂ ಇತಿಹಾಸವೆಂದು ಒಪ್ಪಿಕೊಳ್ಳಬೇಕು.

> ಬೇರೆ ಊರುಗಳ ರೈಲು–ಟ್ರಾಮು ಪವರ್ ಹೌಸ್‌ಗಳು
>
> ಲಾಟ್ಸ್ ರೋಡ್, ಲಂಡನ್: ಸುರಂಗ ರೈಲಿಗಾಗಿ ಥೇಮ್ಸ್ ದಂಡೆಯಲ್ಲಿ 1905ರಲ್ಲಿ ಶುರು, 2002ರಲ್ಲಿ ಬಂದ್. ಈಗ ಶ್ರೀಮಂತರ ಅಪಾರ್ಟ್‌ಮೆಂಟ್.
>
> ಗ್ರಿನಿಚ್, ಲಂಡನ್: ಟ್ರಾಮುಗಳಿಗಾಗಿ ಕಟ್ಟಿದ್ದು. ಶತಮಾನ ದಾಟಿದ ಮೇಲೂ ಸುರಂಗ ರೈಲಿನ ತುರ್ತು ಆಸರೆಯಾಗಿ ಕೆಲಸದಲ್ಲಿದೆ.
>
> ನ್ಯೂ ಫಾರ್ಮ್, ಬ್ರಿಸ್ಬೇನ್: 1928ರ ಟ್ರಾಮು ಪವರ್ ಹೌಸ್. 2000ದಲ್ಲಿ ಕಲಾಕೇಂದ್ರವಾಯಿತು. ಪಾಳು ಬಿದ್ದಾಗ ಗೋಡೆಗಳ ಮೇಲೆ ಬರೆದ ಚಿತ್ರಗಳನ್ನೂ ಉಳಿಸಿಕೊಂಡರು.
>
> ಠಾಕುರ್ಲಿ, ಮುಂಬೈ ಬಳಿ: ಡೊಂಬಿವಲಿ–ಕಲ್ಯಾಣದ ಕನ್ನಡಿಗರಿಗೆ ಗೊತ್ತಿರುವ ಚೋಳಾ ಪವರ್ ಹೌಸ್. ಜಿ.ಐ.ಪಿ. ರೈಲ್ವೆ ತನ್ನ ವಿದ್ಯುತ್ ರೈಲುಗಳಿಗಾಗಿ 1920ರ ದಶಕದ ಕೊನೆಗೆ ಕಟ್ಟಿಸಿದ್ದು.

ತಮ್ಮ ಉಳಿಸಿಕೊಂಡದ್ದು

ಈಗ ವೈಟ್ ಬೇ ಕಥೆ. ಅದು ಅಲ್ಟಿಮೊ ಮುಚ್ಚಿದ ಮೇಲೂ ಇಪ್ಪತ್ತು ವರ್ಷ ದುಡಿದು, 1983ರ ಕ್ರಿಸ್ಮಸ್ ದಿನ ನಿಂತಿತು. ಆಮೇಲೆ ನಲವತ್ತು ವರ್ಷ ಬಂದರಿನ ಅಂಚಿನಲ್ಲಿ ಬೀಗ ಹಾಕಿಕೊಂಡು ತುಕ್ಕು ಹಿಡಿಯಿತು. ಆ್ಯನ್‌ಜ್ಯಾಕ್ ಸೇತುವೆ ದಾಟುವವರೆಲ್ಲ ದೂರದಿಂದ ನೋಡಿದ್ದಷ್ಟೇ. ಸಿನಿಮಾ ತಂಡಗಳು ಆಗಾಗ ಒಳಗೆ ಹೋಗಿ ಬಂದವು.

ಆದರೆ ಅಲ್ಲಿ ಎಲ್ಲವನ್ನೂ ಗುಜರಿಗೆ ಹಾಕಲಿಲ್ಲ. ಕಲ್ಲಿದ್ದಲು ಬಂದು ಬೀಳುವಲ್ಲಿಂದ ಹಿಡಿದು ಬಾಯ್ಲರ್, ಟರ್ಬೈನ್, ಮುಳ್ಳುಗಳೂ ಹಿಡಿಗಳೂ ತುಂಬಿದ ಕಂಟ್ರೋಲ್ ರೂಮಿನ ತನಕ, ಕರೆಂಟು ಹುಟ್ಟುವ ದಾರಿಯ ಒಂದೊಂದು ಮಾದರಿಯಾದರೂ ಉಳಿಯಿತು. 1999ರಲ್ಲಿ ರಾಜ್ಯದ ಪರಂಪರೆ ಪಟ್ಟಿಗೆ ಸೇರಿತು. 2024ರ ಮಾರ್ಚ್‌ನಲ್ಲಿ ಸಿಡ್ನಿ ಬಿನಾಲೆ ಕಲಾ ಪ್ರದರ್ಶನಕ್ಕಾಗಿ ಬಾಗಿಲು ತೆರೆದಾಗ ಜನ ತಂಡತಂಡವಾಗಿ ಬಂದರು, ಪ್ರವೇಶ ಉಚಿತ. ಕಲಾಕೃತಿ ನೋಡಲು ಬಂದವರು ತುಕ್ಕು ಹಿಡಿದ ಬಾಯ್ಲರ್ ಕೆಳಗೆ ನಿಂತು ಕತ್ತೆತ್ತಿ ನೋಡಿದರು.

ಪವರ್ ಹೌಸ್ ಉಳಿಸುವ ಸರಿಯಾದ ದಾರಿ ಇದೇ ಎನ್ನುವುದು ನನ್ನ ಅಭಿಪ್ರಾಯ. ಕಟ್ಟಡ ಸಾರ್ವಜನಿಕರದಾಗಿ ಉಳಿಯಬೇಕು, ಅದರ ಯಂತ್ರ ಅದರೊಳಗೇ ಉಳಿಯಬೇಕು. ಅಲ್ಟಿಮೊಗೆ ಮೊದಲನೆಯದು ದಕ್ಕಿತು. ವೈಟ್ ಬೇಗೆ ಎರಡೂ ದಕ್ಕಿವೆ. ಲಾಟ್ಸ್ ರೋಡಿಗೆ ಎರಡೂ ತಪ್ಪಿದವು. ಲಂಡನ್ನಿನ ಸಾಮಾನ್ಯ ಪ್ರಯಾಣಿಕರ ಟಿಕೆಟ್ಟಿನ ಕಾಸಿನಲ್ಲಿ ನಡೆದ ಆ ಕಟ್ಟಡದೊಳಗೆ ಅಂಥ ಪ್ರಯಾಣಿಕರು ಇಂದು ಮನೆ ಕೊಳ್ಳಲಾರರು.

ಕೆಡವಿ ಹಾಕಿದ ಟ್ರಾಮನ್ನು ಸಿಡ್ನಿ ಕೊನೆಗೆ ಮತ್ತೆ ಕಟ್ಟಿತು. 1997ರಲ್ಲಿ ಹಳೆಯ ಗೂಡ್ಸ್ ಮಾರ್ಗದಲ್ಲಿ, ಪವರ್ ಹೌಸಿನ ಬೆನ್ನಿಗೇ, ಲೈಟ್ ರೈಲು ಬಂತು. ಆ ಗೂಡ್ಸ್ ಹಳಿಯ ಇನ್ನೊಂದು ತುಂಡು 2015ರಲ್ಲಿ ಜನ ಅಡ್ಡಾಡುವ ಉದ್ಯಾನವಾಯಿತು. 2019ರ ಡಿಸೆಂಬರ್ 14ರಂದು ಜಾರ್ಜ್ ಸ್ಟ್ರೀಟಿನಲ್ಲಿ ಟ್ರಾಮು ಮತ್ತೆ ಓಡಿತು, ಅಲ್ಟಿಮೊದ ಕರೆಂಟಿನಲ್ಲಿ ಮೊದಲ ಟ್ರಾಮು ಓಡಿ 120 ವರ್ಷಕ್ಕೆ.

ಮಗನ ಮನೆ, ಮಗಳ ಮನೆ ಎಂದು ಸಿಡ್ನಿಗೆ ಹೋಗಿ ತಿಂಗಳುಗಟ್ಟಲೆ ಇರುವ ನಮ್ಮ ಹಿರಿಯರು ಬಹಳ ಮಂದಿ. ಒಪೆರಾ ಹೌಸ್, ಸೇತುವೆ, ಬೀಚು ನೋಡಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮೊಮ್ಮಕ್ಕಳ ಕೈ ಹಿಡಿದು ಅಲ್ಟಿಮೊಗೆ ಹೋಗಿಬನ್ನಿ. ಮ್ಯೂಸಿಯಂ ತೆರೆದಿದೆಯೇ ಎಂದು ಮೊದಲೇ ಕೇಳಿಕೊಳ್ಳಿ. ತೆರೆದಿರದಿದ್ದರೂ ಗೂಡ್ಸ್ ಲೈನ್ ಉದ್ಯಾನಕ್ಕೆ ಟಿಕೆಟ್ಟಿಲ್ಲ, ಅಲ್ಲಿಂದ ಪವರ್ ಹೌಸಿಗೆ ನಡೆದೇ ಹೋಗಬಹುದು. ಕಲ್ಲಿದ್ದಲಿನ ಗಾಡಿಗಳು ಯಾವ ಕಡೆಯಿಂದ ಬರುತ್ತಿದ್ದವು, ಕಡಲ ನೀರು ಎಲ್ಲಿಂದ ಬರುತ್ತಿತ್ತು ಎಂದು ಮಕ್ಕಳಿಗೆ ಅಲ್ಲಿಯೇ ನಿಂತು ತೋರಿಸಬಹುದು.